ಕಲೂರಿನ ಮಂಡಿ ಡಾಕ್ಟರು

ಕಳೆದ ತಿಂಗಳು ಒಂದು ಮಧ್ಯಾಹ್ನ ತಿರುವನಂತಪುರದ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಕೂತು, ಇಷ್ಟು ವರ್ಷ ತಿಂದರೂ ನನ್ನ ಮೈಸೂರು ನಾಲಗೆ ಇನ್ನೂ ಒಪ್ಪಿಕೊಳ್ಳದ ಕೆಂಪು ಕುಚ್ಚಲಕ್ಕಿ ಅನ್ನವನ್ನು ಸಾಂಬಾರಿನಲ್ಲಿ ಮುಳುಗಿಸುತ್ತಿದ್ದಾಗ ಕೊಚ್ಚಿಯಿಂದ ಸಿಸ್ಟರ್ ಫೋನ್ ಮಾಡಿದರು. ಸಿಸ್ಟರ್ ಎಂದರೆ ಅಲ್ಲಿನ ಕಲೂರಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಡಾಕ್ಟರ ಜೊತೆ ಮೊದಲಿನಿಂದಲೂ ಇದ್ದ ನರ್ಸು. ಸುತ್ತಿ ಬಳಸಿ ಮಾತಾಡುವ ಹೆಂಗಸಲ್ಲ. "ಸಾರ್ ಪೋಯಿ," ಎಂದರು, ಅಷ್ಟೆ. ಹೋದರು ಎನ್ನುವುದಕ್ಕೆ ಮಲಯಾಳದಲ್ಲೂ ಕನ್ನಡದಲ್ಲೂ ಹೆಚ್ಚು ಅಂತರವಿಲ್ಲ. ತಟ್ಟೆ ಹಾಗೇ ಬಿಟ್ಟು ಎದ್ದು ಹೊರಗೆ ಬಂದೆ. ಬಿಸಿಲಿನಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ನನ್ನ ಸ್ವಂತ ಬಂಧುಗಳಲ್ಲಿ ಕೆಲವರು ಹೋದಾಗಲೂ ನನಗೆ ಅಷ್ಟು ದುಃಖವಾಗಿರಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೇ ಸರಿಹೋಗುತ್ತಿರಲಿಲ್ಲ. ಕ್ಲಿನಿಕ್ಕಿನ ಬೋರ್ಡನ್ನೇ ಎರಡು ಸಲ ನಡೆದು ದಾಟಿದರೂ ಕಣ್ಣಿಗೆ ಬೀಳದಷ್ಟು ಚಿಕ್ಕದಾಗಿ ಬರೆಸಿದ್ದ ಪುಣ್ಯಾತ್ಮ. ಮೂಲ ಕಾಸರಗೋಡು ಕಡೆ, ಮನೆಮಾತು ಕನ್ನಡ. ಓದಿದ್ದು ಮೈಸೂರಿನಲ್ಲಿ, ಬದುಕೆಲ್ಲ ಕಳೆದದ್ದು ಕೊಚ್ಚಿಯಲ್ಲಿ. ಮೂಳೆ ಡಾಕ್ಟರು ಎಂದರೆ ಸುತ್ತಿಗೆ ಹಿಡಿಯುವ ಕೈ, ಅಗಲ ಭುಜ ಎಂದೆಲ್ಲ ನಾನು ಊಹಿಸಿಕೊಂಡಿದ್ದೆ. ಇವರು ನನ್ನ ಕಿವಿಯ ಮಟ್ಟಕ್ಕೆ ಬರುತ್ತಿದ್ದರು. ಅರ್ಧ ತೋಳಿನ ಅಂಗಿ, ಮೂಗಿನ ತುದಿಗೆ ಜಾರಿದ ಕನ್ನಡಕ, ಏನನ್ನೋ ಹುಡುಕುತ್ತಿರುವವರ ಹಾಗೆ ಸದಾ ನೆಲದ ಕಡೆ ನೋಟ.

ನೆಲ ನೋಡುವುದಕ್ಕೆ ಕಾರಣವಿತ್ತು. ಬಂದವರ ಚಪ್ಪಲಿ, ಬೂಟುಗಳನ್ನು ಅವರು ಮೊದಲು ನೋಡುತ್ತಿದ್ದರು. ರೋಗಿ ಕುರ್ಚಿಯಲ್ಲಿ ಕೂತು ಎಂಆರ್‌ಐ ಫಿಲಂಗಳ ದೊಡ್ಡ ಲಕೋಟೆ ಬಿಚ್ಚುವಷ್ಟರಲ್ಲಿ ಇವರು ಬಗ್ಗಿ ಅವನ ಬೂಟನ್ನು ಕೈಗೆತ್ತಿಕೊಂಡು ತಳ ತಿರುಗಿಸಿ ಎಲ್ಲಿ ಸವೆದಿದೆ ಎಂದು ಬೆರಳಾಡಿಸಿ ನೋಡುತ್ತಿದ್ದರು. ದೊಡ್ಡ ಡಾಕ್ಟರು ತಮ್ಮ ಬೂಟು ಎತ್ತಿದ್ದಕ್ಕೆ ಗಾಬರಿಯಾಗಿ ಎದ್ದು ನಿಂತವರನ್ನು ನಾನೇ ಕಂಡಿದ್ದೇನೆ. ಫಿಲಂ ಹೇಳುವುದು ಒಂದು ದಿನದ ಕತೆ, ಬೂಟು ಹೇಳುವುದು ಒಂದು ವರ್ಷದ್ದು ಎಂಬುದು ಅವರ ವಾದ. ರಾಕೆಟ್ಟಿನ ಬಿಡಿಭಾಗಗಳನ್ನು ಪರೀಕ್ಷಿಸುವುದೇ ಕಸುಬಾದ ನನಗೆ ಈ ವಾದ ತಕ್ಷಣ ಹಿಡಿಸಿತು.

ಅವರು ಹೆಸರು ಮಾಡಿದ್ದು ಪಿಆರ್‌ಪಿ ಚಿಕಿತ್ಸೆಯಲ್ಲಿ. ರೋಗಿಯ ತೋಳಿನಿಂದ ಒಂದಿಷ್ಟು ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಕೆಂಪು ಭಾಗ ತಳಕ್ಕೆ ಇಳಿದ ಮೇಲೆ ಉಳಿಯುವ ಹಳದಿ ದ್ರವದಲ್ಲಿ ಪ್ಲೇಟ್‌ಲೆಟ್ ಎಂಬ ಕಿರುಬಿಲ್ಲೆಗಳು ಎಲ್ಲಿ ದಟ್ಟವಾಗಿವೆಯೋ ಅಷ್ಟನ್ನು ಹೀರಿಕೊಂಡು, ಅದೇ ಮನುಷ್ಯನ ಗಾಯಕ್ಕೆ ಚುಚ್ಚುವುದು. ಕಲೂರಿನಲ್ಲಿ ಸ್ಟೇಡಿಯಂ ಇರುವುದರಿಂದ ಆಟಗಾರರಿಗೆ ಬರವಿರಲಿಲ್ಲ. ಆದರೆ ಈ ಚಿಕಿತ್ಸೆಯನ್ನು ಪವಾಡ ಎಂದವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಪತ್ರಿಕೆಯ ತುಣುಕು ಹಿಡಿದು ಬಂದವರಿಗೆ ಅದನ್ನು ಮಡಚಿ ಜೇಬಿಗಿಡಲು ಹೇಳಿದ ಮೇಲೆಯೇ ಮುಂದಿನ ಮಾತು. ಬಂದವರಲ್ಲಿ ಅರ್ಧ ಜನರನ್ನು ಸೂಜಿ ಮುಟ್ಟಿಸದೆ ವಾಪಸು ಕಳಿಸುತ್ತಿದ್ದರು. ಮಂಡಿ ಪೂರ್ತಿ ಸವೆದ ಅಜ್ಜಿಯೊಬ್ಬರಿಗೆ ಊರುಗೋಲು ಹಿಡಿಯುವುದು ಹೇಗೆಂದು ತಾವೇ ಕಾರಿಡಾರಿನಲ್ಲಿ ನಡೆದು ತೋರಿಸಿದ್ದರು. ಪಾಲಾರಿವಟ್ಟಂನ ಬಟ್ಟೆ ವ್ಯಾಪಾರಿಯೊಬ್ಬ ಸೈಕಲ್ ಓಟದ ಹುಚ್ಚು ಹತ್ತಿಸಿಕೊಂಡು, ನೋವೇನೂ ಇಲ್ಲ, ಮುಂಜಾಗ್ರತೆಗೆ ಒಂದು ಹಾಕಿಬಿಡಿ ಎಂದು ಬಂದಿದ್ದನಂತೆ. ಅವನಿಗೆ ಇವರು ಸೈಕಲ್ಲಿನ ಸೀಟು ಎರಡು ಬೆರಳು ಎತ್ತರಿಸಿಕೊಳ್ಳಲು ಹೇಳಿ ಕಳಿಸಿದರು.

ನಾವು ಹೋದದ್ದು ಮಗಳಿಗಾಗಿ. ಅನಘಾ ಹುಟ್ಟಿದ್ದು ತಿರುವನಂತಪುರದಲ್ಲಿ, ಬೆಳೆದದ್ದು ವಾಲಿಬಾಲ್ ಅಂಕಣದಲ್ಲಿ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ. ನನ್ನ ಹೆಂಡತಿ ಶೈಲಾ ಅದನ್ನು ತಿದ್ದಲು ಹೋಗಿ ಸೋತು ಎಷ್ಟೋ ಕಾಲವಾಯಿತು. ಉದ್ದ ಕಾಲಿನ ಹುಡುಗಿ. ನೆಟ್ಟಿನ ಮೇಲೆ ಹಾರಿ ಸ್ಮ್ಯಾಶ್ ಹೊಡೆಯುವುದೇ ಅವಳ ಕೆಲಸ. ಹಾರಿ ಹಾರಿ ಬಲಮಂಡಿಯ ಚಿಪ್ಪಿನ ಕೆಳಗಿನ ಸ್ನಾಯುರಜ್ಜು ಹರಿಯತೊಡಗಿತ್ತು. ಕಾಲೇಜಿನ ಮೊದಲ ವರ್ಷದಲ್ಲಿ ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುವ ಸ್ಥಿತಿಗೆ ಬಂದಳು. ಊರಿನ ಡಾಕ್ಟರೊಬ್ಬರು ಆಟ ಬಿಡು ಎಂದರು. ಇನ್ನೊಬ್ಬರು ಕೊಯ್ಯೋಣ ಎಂದರು. ಮುಂದಿನ ವರ್ಷ ರಾಜ್ಯ ತಂಡದ ಆಯ್ಕೆ ಇತ್ತು. ಆಟ ಬಿಡು ಎಂದರೆ ಅವಳ ಪಾಲಿಗೆ ಬದುಕಿನಲ್ಲಿ ಉಳಿಯುವುದೇನು ಎಂದು ನಮಗೂ ತೋಚಲಿಲ್ಲ. ಭುಜದ ನೋವು ಗುಣ ಮಾಡಿಸಿಕೊಂಡ ನನ್ನ ಸಹೋದ್ಯೋಗಿಯೊಬ್ಬ ಕಲೂರಿನ ವಿಳಾಸ ಕೊಟ್ಟ. ಬೆಳಗಿನ ರೈಲು ಹಿಡಿದು ಮೂವರೂ ಹೊರಟೆವು.

ಡಾಕ್ಟರು ಅವಳ ಬೂಟು ನೋಡಿದರು, ಮಂಡಿ ಒತ್ತಿದರು, ಸ್ಕ್ಯಾನಿನ ಪರದೆಯಲ್ಲಿ ಹರಿದ ಜಾಗ ತೋರಿಸಿದರು. ಎಲ್ಲ ಮಲಯಾಳದಲ್ಲೇ ನಡೆದಿತ್ತು. ನಡುವೆ ಶೈಲಾ ನನ್ನ ಕಡೆ ತಿರುಗಿ, "ಸೂಜಿ ಎಷ್ಟು ಉದ್ದ ಇರತ್ತೆ ಕೇಳ್ರೀ," ಎಂದಳು. ಅವರ ಕೈ ಅಲ್ಲಿಯೇ ನಿಂತಿತು. ಕನ್ನಡಕ ಮೇಲೆ ತಳ್ಳಿ ನಮ್ಮಿಬ್ಬರನ್ನೂ ನೋಡಿದರು.

"ಮೈಸೂರಿನವರಾ? ಮೊದಲೇ ಹೇಳ್ಬಾರದಾ ಮಾರಾಯ್ರೆ. ಇಲ್ಲಿ ಕನ್ನಡ ಮಾತಾಡ್ಲಿಕ್ಕೆ ಜನ ಸಿಕ್ಕುದಿಲ್ಲ ನನಗೆ."

ಆಮೇಲಿನ ಸಂಭ್ರಮ ಏನು ಹೇಳಲಿ. ಮೈಸೂರಿನಲ್ಲಿ ಅವರ ಹಾಸ್ಟೆಲ್ ಇದ್ದದ್ದು ನಮ್ಮ ತಂದೆಯ ಮನೆಯಿಂದ ನಾಲ್ಕು ಬೀದಿ ಆಚೆ. ಯಾವ ಹೋಟೆಲಿನ ಸೆಟ್ ದೋಸೆ, ಯಾವ ಟಾಕೀಸಿನ ಮುಂದೆ ಯಾರ ಜೊತೆ ಜಗಳ, ಮೆಸ್ಸಿನ ಭಟ್ಟರು ಸಾರಿಗೆ ನೀರು ಬೆರೆಸುವ ಗುಟ್ಟು, ಒಂದೇ ಎರಡೇ. ಬಾಯಿ ಕಟ್ಟಿಕೊಂಡಿದ್ದ ಮನುಷ್ಯ ಬಿಡುಗಡೆಯಾದಂತೆ ಮಾತಾಡಿದರು. ಮಾತಾಡುತ್ತಲೇ ಚಿಕಿತ್ಸೆಯನ್ನೂ ವಿವರಿಸಿದರು. ಅವರಷ್ಟು ಸರಳವಾಗಿ ಅದನ್ನು ಹೇಳಿದವರನ್ನು ನಾನು ಮತ್ತೆ ಕಾಣಲಿಲ್ಲ. ಇವಳ ಗಾಯ ಹಳತಾಗಿ ದೇಹ ಅದನ್ನು ಮರೆತೇಬಿಟ್ಟಿದೆ. ರಿಪೇರಿಗೆ ಆಳು ಕಳಿಸುವುದನ್ನು ನಿಲ್ಲಿಸಿದೆ. ಈ ಸೂಜಿ ಮಾಡುವುದು ಇಷ್ಟೇ: ಇಲ್ಲಿ ಗಾಯವೊಂದು ಇದೆ ಎಂದು ದೇಹಕ್ಕೆ ಮತ್ತೆ ನೆನಪಿಸುವುದು. ನೆನಪಾದಾಗ ಮೊದಲಿಗಿಂತ ಜಾಸ್ತಿ ನೋಯುತ್ತದೆ. ಕೆಲವರಲ್ಲಿ ಕೂಡಿಕೊಳ್ಳುತ್ತದೆ, ಕೆಲವರಲ್ಲಿ ಇಲ್ಲ. ನನ್ನ ಎಂಜಿನಿಯರ್ ಬುದ್ಧಿ ನೂರಕ್ಕೆ ಎಷ್ಟು ಎಂದು ಕೇಳಿತು. ಅವರು ನಕ್ಕು, "ಇವಳು ಒಬ್ಬಳೇ ಅಲ್ಲವಾ ಇರುದು? ಕೂಡಿದ್ರೆ ಪೂರ್ತಿ, ಇಲ್ಲದಿದ್ರೆ ಇಲ್ಲ," ಎಂದರು.

ಯಂತ್ರ ತಿರುಗಿತು. ಕೊಳವೆಯ ಮೇಲ್ಭಾಗದಲ್ಲಿ ಗೋಮೂತ್ರದ ಬಣ್ಣದ ದ್ರವ ತಿಳಿಯಾಗಿ ನಿಂತಿತು. ಪರದೆ ನೋಡುತ್ತ ಅವರು ಸೂಜಿಯನ್ನು ಹರಿದ ಜಾಗಕ್ಕೇ ಒಯ್ದರು. ಅನಘಾ ಅಮ್ಮನ ಕೈ ಹಿಚುಕಿ ಹಿಡಿದುಕೊಂಡಳು. ಎಲ್ಲ ಮುಗಿದ ಮೇಲೆ ನಮ್ಮನ್ನು ಬಾಗಿಲ ತನಕ ಬಂದು ಬೀಳ್ಕೊಟ್ಟರು. ನೋವಿನ ಮಾತ್ರೆ ನುಂಗಬಾರದು, ಐಸ್ ಇಡಬಾರದು, ಹಾರಬಾರದು ಎಂದು ಅನಘಾಳಿಗೆ ಕನ್ನಡದಲ್ಲೇ ಹೇಳಿದರು. ಅಷ್ಟರಲ್ಲಿ ಆ ಸೆಟ್ ದೋಸೆ ಹೋಟೆಲು ಈಗಲೂ ಉಂಟಾ ಎಂಬ ಪ್ರಶ್ನೆ ಅವರ ಬಾಯಿಗೆ ಬಂತು. ಮುಚ್ಚಿ ಹೋಗಿದೆ ಎಂದು ನಾನು ಹೇಳಿದ್ದಕ್ಕೆ ಬಹಳ ಬೇಜಾರು ಮಾಡಿಕೊಂಡರು.

ಇಲ್ಲಿ ಅವರ ಒಂದು ಪದ್ಧತಿಯನ್ನು ಹೇಳಬೇಕು. ಅದು ನನಗೆ ಆಮೇಲೆ ಗೊತ್ತಾಯಿತು. ಸೂಜಿ ಹಾಕಿದ ಪ್ರತಿಯೊಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಕಣ್ಣು ಮುಚ್ಚಿ, ಬೆರಳು ಮಡಿಸುತ್ತ ಮಾಡಬಾರದ್ದನ್ನೆಲ್ಲ ಮಲಯಾಳದಲ್ಲಿ ಒಂದೇ ಧಾಟಿಯಲ್ಲಿ ಒಪ್ಪಿಸುತ್ತಿದ್ದರು. ಮಕ್ಕಳು ಮಗ್ಗಿ ಹೇಳಿದ ಹಾಗೆ. ಒಂದು ಪದ ಹಿಂದುಮುಂದಾಗುತ್ತಿರಲಿಲ್ಲ. ಸಿಸ್ಟರ್ ಹಿಂದೆ ನಿಂತು ತುಟಿ ಆಡಿಸುತ್ತ ಜೊತೆಗೂಡುತ್ತಿದ್ದರು. ಮಾತ್ರೆ, ಐಸು, ಹಾರುವುದು ಆದ ಮೇಲೆ ನಾಲ್ಕನೆಯದು ಎಣ್ಣೆ ಹಚ್ಚಿ ತಿಕ್ಕಿಸುವುದು. ಕೇರಳದಲ್ಲಿ ಇದನ್ನು ಹೇಳದೆ ಬಿಡುವಂತಿಲ್ಲ. ಇಲ್ಲಿ ಉಳುಕು ನೋವು ಏನೇ ಬರಲಿ, ಕಳರಿ ಗರಡಿಯ ಗುರುಕ್ಕಳ ಹತ್ತಿರ ಹೋಗಿ ಉಳಿಚ್ಚಿಲ್ ಮಾಡಿಸಿಕೊಳ್ಳುವುದು, ಅಂದರೆ ಎಣ್ಣೆ ಹಾಕಿ ಬಲವಾಗಿ ನೀವಿಸಿಕೊಳ್ಳುವುದು, ನಾವು ನೆಗಡಿಗೆ ಕಷಾಯ ಕುಡಿದಷ್ಟೇ ಸಹಜ. ಆ ಮಗ್ಗಿ ಅವರ ಬಾಯಲ್ಲಿ ಇದ್ದದ್ದು ಮಲಯಾಳದಲ್ಲಿ. ನಮ್ಮೊಡನೆ ಅವರು ಅಂದು ಮಾತಾಡಿದ್ದು ಕನ್ನಡ. ಮೂರು ಹೇಳಿದರು, ನಾಲ್ಕನೆಯ ಜಾಗಕ್ಕೆ ಸೆಟ್ ದೋಸೆ ಬಂತು.

ಅವರು ಹೇಳಿದಂತೆಯೇ ಮಂಡಿ ಊದಿ ಕೆಂಪಾಗಿ ನೋಯತೊಡಗಿತು. ಮಾತ್ರೆ ಇಲ್ಲ, ಐಸ್ ಇಲ್ಲ. ಹುಡುಗಿ ಪಾಪ ಹಲ್ಲು ಕಚ್ಚಿಕೊಂಡು ಒಂದು ವಾರ ತಡೆದಳು. ಆಮೇಲೆ ತಂಡದ ಗೆಳತಿಯರು ಬಂದು ತಮ್ಮ ಗುರುಕ್ಕಳ ಹತ್ತಿರ ಕರೆದುಕೊಂಡು ಹೋದರು. ಅದು ಔಷಧವೂ ಅಲ್ಲ, ಮಾತ್ರೆಯೂ ಅಲ್ಲ, ಬರೀ ಎಣ್ಣೆ ಎಂದು ಅವಳಿಗೂ ಧೈರ್ಯ. ಆ ಹಿರಿಯರು ತಮಗೆ ಗೊತ್ತಿದ್ದ ವಿದ್ಯೆಯಂತೆ ಹೆಬ್ಬೆರಳು ಊರಿ ಚೆನ್ನಾಗಿಯೇ ನೀವಿದರು. ಸೂಜಿಯ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಮರುದಿನ ಅವಳಿಗೆ ಕಾಲು ಊರಲಾಗಲಿಲ್ಲ.

ಮತ್ತೆ ಕಲೂರು. ಪರದೆಯಲ್ಲಿ ಹರಿದ ಜಾಗ ಮೊದಲಿಗಿಂತ ಅಗಲವಾಗಿತ್ತು. ಅವರು ಬಹಳ ಹೊತ್ತು ಅದನ್ನೇ ನೋಡಿ, ಯಾರು ಮುಟ್ಟಿದ್ದು ಎಂದು ಕೇಳಿದರು. ಅನಘಾ ಹೇಳಿದಳು. ಅವರ ಮುಖದಲ್ಲಿ ಸಿಟ್ಟು ಏರಿದ್ದನ್ನು ಕಂಡೆ. ನಾನು ಹೇಳಿರಲಿಲ್ಲವಾ ಎಂದು ಬಾಯಿ ತೆರೆದವರು ಅರ್ಧಕ್ಕೆ ನಿಲ್ಲಿಸಿ, ಸಿಸ್ಟರ್ ಕಡೆ ತಿರುಗಿದರು. ಸಿಸ್ಟರ್ ತಲೆ ತಗ್ಗಿಸಿ, ಅಂದು ಸಾರ್ ಅದನ್ನು ಹೇಳಲಿಲ್ಲ ಎಂದರು. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ತಪ್ಪು ನಡೆದ ಮೇಲೆ ಕೂಡುವ ಸಭೆಗಳನ್ನು ಬೇಕಾದಷ್ಟು ನೋಡಿದ್ದೇನೆ. ತಪ್ಪು ತೋರಿಸುವ ಬೆರಳುಗಳು ಹೇಗೆ ಸುತ್ತಿ ಸುತ್ತಿ ಕೊನೆಗೆ ಮೇಜಿನ ಮೇಲೋ ಮಳೆಯ ಮೇಲೋ ಹೋಗಿ ನಿಲ್ಲುತ್ತವೆ ಎಂದು ನನಗೆ ಗೊತ್ತು. ಡಾಕ್ಟರು ಕುರ್ಚಿಯಿಂದ ಎದ್ದು ನಿಂತರು. ನನ್ನ ಕಡೆಯಾಗಲಿ ಶೈಲಾಳ ಕಡೆಯಾಗಲಿ ನೋಡದೆ, ಹದಿನೆಂಟು ವರ್ಷದ ಹುಡುಗಿಯ ಎದುರು ನಿಂತು, ಅವಳಿಗೆ ಒಂದಕ್ಷರವೂ ತಪ್ಪಬಾರದೆಂದು ಅವಳ ಮಲಯಾಳದಲ್ಲೇ, ತಪ್ಪು ನನ್ನದು ಮಗಳೇ ಎಂದರು. ಆಮೇಲೆ ನನಗೆ ಹೇಳಿದರು:

"ಉಳಿಚ್ಚಿಲಿನಿಂದಲೇ ಹೀಗಾಯ್ತಾ, ಇಲ್ಲದಿದ್ರೂ ಆಗ್ತಿತ್ತಾ, ನನಗೆ ಗೊತ್ತಿಲ್ಲ. ಹೇಳ್ಬೇಕಾದ್ದು ನಾನು ಹೇಳ್ಲಿಲ್ಲ. ಅದು ಗೊತ್ತುಂಟು."

ಅನಘಾ ಮುಖ ಗೋಡೆಗೆ ತಿರುಗಿಸಿಕೊಂಡಳು. ರೈಲಿನಲ್ಲಿ ವಾಪಸು ಬರುವಾಗ ಆಲಪ್ಪುಳ ದಾಟಿದ ಮೇಲೆ ಶೈಲಾ ಶುರು ಮಾಡಿದಳು. "ನಿಮಗಿಬ್ಬರಿಗೂ ಕನ್ನಡ ಸಿಕ್ತು, ನನ್ನ ಮಗಳ ಮಂಡಿ ಹೋಯ್ತು," ಎಂದಳು. ಕೇಳಿಕೊಂಡೆ. ಡಾಕ್ಟರನ್ನು ಬದಲಾಯಿಸಬೇಕೆಂದು ಅವಳು, ತಪ್ಪನ್ನು ಎದುರಿಗೇ ಒಪ್ಪಿಕೊಂಡ ಡಾಕ್ಟರು ಇನ್ನೊಬ್ಬರು ಎಲ್ಲಿ ಸಿಗುತ್ತಾರೆಂದು ನಾನು. ಅನಘಾ ಇಬ್ಬರ ಮಾತಿಗೂ ಕಿವಿಗೊಡದೆ ಕಿಟಕಿಯಾಚೆ ನೋಡುತ್ತಿದ್ದಳು. ರಾಜ್ಯ ತಂಡದ ಆಯ್ಕೆ ಆ ವರ್ಷ ಅವಳಿಲ್ಲದೆ ನಡೆಯಿತು. ಗ್ಯಾಲರಿಯಲ್ಲಿ ಕೂತು ನೋಡಿ ಬಂದು ಎರಡು ದಿನ ಅನ್ನ ಮುಟ್ಟಲಿಲ್ಲ. ಮತ್ತೆ ಹಾರುತ್ತಾಳೋ ಇಲ್ಲವೋ ಎಂಬುದೊಂದೇ ಆಗ ನಮ್ಮ ಮನೆಯಲ್ಲಿ ಪ್ರಶ್ನೆ. ಆ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಆಮೇಲೊಂದು ಶನಿವಾರ ಡಾಕ್ಟರು ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲೊಂದು ಬಟ್ಟೆಯ ಚೀಲ. ಇಲ್ಲಿನ ಚಾಲೈ ಪೇಟೆಯಲ್ಲಿ ಸ್ವಲ್ಪ ಕೆಲಸವಿತ್ತು, ದಾರಿಯಲ್ಲಿ ಹಾಗೇ ನೋಡಿ ಹೋಗೋಣವೆಂದು ಬಂದೆ ಎಂದರು. ಚಾಲೈ ಇರುವುದು ಒಂದು ದಿಕ್ಕಿಗೆ, ನಮ್ಮ ಮನೆ ಇನ್ನೊಂದು ದಿಕ್ಕಿಗೆ. ಅನಘಾಳನ್ನು ಮೆಟ್ಟಿಲಿನ ಅಂಚಿನಲ್ಲಿ ನಿಲ್ಲಿಸಿ, ಒಂದೇ ಕಾಲಿನ ಮೇಲೆ ನಿಧಾನವಾಗಿ ಕುಕ್ಕರಿಸುವ ವ್ಯಾಯಾಮ ಹೇಳಿಕೊಟ್ಟು, ಅವಳು ಮಾಡುವುದನ್ನು ಕೆಳಗೆ ಕೂತು ನೋಡಿ, ಶೈಲಾ ಕೊಟ್ಟ ಕಾಫಿ ಕುಡಿದು ಹೋದರು. ಎರಡು ವಾರ ಬಿಟ್ಟು ಮತ್ತೊಂದು ಶನಿವಾರ ಮತ್ತೆ ಬಂದರು. ಮತ್ತೆ ಚಾಲೈಯಲ್ಲಿ ಕೆಲಸ. ಆ ವರ್ಷವಿಡೀ ಅವರಿಗೆ ಚಾಲೈಯಲ್ಲಿ ಕೆಲಸವಿತ್ತು. ಒಂದು ದಿನ ಮೇಜಿನ ಮೇಲಿಟ್ಟ ಚೀಲದ ಬಾಯಿ ತೆರೆದಿತ್ತು. ಶೈಲಾ ಒಳಗೆ ಕರೆದು ಪಿಸುಗುಟ್ಟಿದಳು: "ಕಾಳುಮೆಣಸು ಕಣ್ರೀ. ಮೆಣಸು ತಗೊಳ್ಳೋಕೆ ಯಾರಾದ್ರೂ ಕೊಚ್ಚಿಯಿಂದ ಇಲ್ಲಿಗೆ ಬರ್ತಾರಾ?" ಲೋಕಕ್ಕೆಲ್ಲ ಮೆಣಸು ಮಾರಿದ ಊರಿನಿಂದ ಬಂದು ನಮ್ಮೂರಿನಲ್ಲಿ ಮೆಣಸು ಕೊಳ್ಳುವಷ್ಟು ಕೆಟ್ಟ ಸುಳ್ಳುಗಾರ. ಅಂದಿನಿಂದ ಶೈಲಾ ಅವರಿಗೆ ಊಟ ಹಾಕದೆ ಕಳಿಸಲಿಲ್ಲ. ಅವರ ಹೆಸರೆತ್ತಿದರೆ ಮುಖ ಗಂಟಿಕ್ಕುತ್ತಿದ್ದವಳು, ಅವರು ಬರುವ ಶನಿವಾರ ಬೆಳಿಗ್ಗೆಯೇ ಹಾಲು ಹೆಚ್ಚಿಗೆ ತರಿಸಿಡುತ್ತಿದ್ದಳು.

ಅನಘಾ ಮಾತ್ರ ಅವರ ಹತ್ತಿರ ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚಿಗೆ ಆಡುತ್ತಿರಲಿಲ್ಲ. ಅವರೂ ಒಲಿಸಿಕೊಳ್ಳಲು ಹೋಗಲಿಲ್ಲ. ಚಾಕೊಲೇಟು ತರಲಿಲ್ಲ, ಬೆನ್ನು ತಟ್ಟಲಿಲ್ಲ. ಅವಳು ಕುಕ್ಕರಿಸುವಾಗ ಸೊಂಟ ಒಂದು ಕಡೆ ವಾಲಿದರೆ ಅಷ್ಟನ್ನು ಹೇಳಿ ಸುಮ್ಮನಾಗುತ್ತಿದ್ದರು. ಇನ್ನೊಂದನ್ನು ನಾನು ಗಮನಿಸಿದೆ. ಅವಳ ಮಂಡಿಯ ಮಾತು ಬಂದರೆ ಅವರು ನನ್ನೊಡನೆಯೂ ಮಲಯಾಳದಲ್ಲೇ ಮಾತಾಡುತ್ತಿದ್ದರು. ಕಲೂರಿನ ಕೋಣೆಯಲ್ಲಂತೂ ಕನ್ನಡ ಪೂರ್ತಿ ಬಂದ್. ನಾನು ಮರೆತು ಕನ್ನಡದಲ್ಲಿ ಶುರುಮಾಡಿದರೆ ಕೈಯೆತ್ತಿ ಬಾಗಿಲ ಕಡೆ ತೋರಿಸುತ್ತಿದ್ದರು. ಅದು ಹೊರಗೆ ಎಂದು ಅರ್ಥ. ಕ್ಲಿನಿಕ್ಕಿನ ಎದುರಿನ ಚಹಾದಂಗಡಿಗೆ ಬಂದು ಬೆಂಚಿನ ಮೇಲೆ ಕೂತ ಮೇಲೆ ಮತ್ತೆ ಅದೇ ಹಾಸ್ಟೆಲು, ಅದೇ ಜಗಳ, ಅದೇ ಭಟ್ಟರು. ತನಗೆ ಅತ್ಯಂತ ಇಷ್ಟವಾದದ್ದನ್ನೇ ತನಗೆ ಶಿಕ್ಷೆಯಾಗಿ ಕಡಿತ ಮಾಡಿಕೊಂಡ ಆ ಮನುಷ್ಯನನ್ನು ಕಂಡು ನನಗೆ ನಗುವೂ ಬರುತ್ತಿತ್ತು, ಪಾಪ ಎಂದೂ ಅನಿಸುತ್ತಿತ್ತು.

ಊತ ಪೂರ್ತಿ ಇಳಿದು ಕಾಲಿಗೆ ಬಲ ಬಂದಿತ್ತು. ಆದರೆ ಹರಿದ ಜಾಗ ಕೂಡಿಕೊಳ್ಳದೆ ಹಾಗೇ ಉಳಿದಿತ್ತು. ಇನ್ನೊಮ್ಮೆ ಸೂಜಿ ಹಾಕಬೇಕೋ ಬೇಡವೋ ಎಂಬ ದಿನ ಬಂತು. ಅವರು ನನ್ನನ್ನೂ ಶೈಲಾಳನ್ನೂ ಪಕ್ಕಕ್ಕೆ ಕೂರಿಸಿ ಅನಘಾಳ ಹತ್ತಿರ ಮಾತಾಡಿದರು. ಇನ್ನೊಂದು ಸಲ ಹಾಕಿದರೆ ಕೂಡಿಕೊಳ್ಳುವ ಸಾಧ್ಯತೆ ಇದೆ, ಖಾತ್ರಿ ಇಲ್ಲ. ಹಾಕಿಸಿಕೊಳ್ಳುವುದಾದರೆ ತಿರುವನಂತಪುರದಲ್ಲೇ ಒಬ್ಬರು ಒಳ್ಳೆಯ ಡಾಕ್ಟರಿದ್ದಾರೆ, ತನಗಿಂತ ಚಿಕ್ಕ ವಯಸ್ಸು, ಕೈ ಇನ್ನೂ ಸ್ಥಿರ, ತಾನೇ ಮಾತಾಡಿ ಗೊತ್ತು ಮಾಡಿಕೊಡುತ್ತೇನೆ ಎಂದರು. ತನ್ನ ಹತ್ತಿರವೇ ಹಾಕಿಸಿಕೋ ಎಂದು ಅವರು ಹೇಳಲಿಲ್ಲ. ಹಾಗೆ ಹೇಳುವ ಹಕ್ಕು ತನಗಿಲ್ಲವೆಂದು ಅವರು ಎಣಿಸಿದ್ದು ಅವರು ಕೂತ ರೀತಿಯಲ್ಲೇ ಕಾಣುತ್ತಿತ್ತು. ಎರಡು ಕೈಗಳನ್ನೂ ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಕೂತಿದ್ದರು.

ಅನಘಾ ಬಹಳ ಹೊತ್ತು ತನ್ನ ಬೂಟಿನ ದಾರ ಬಿಚ್ಚಿ ಕಟ್ಟಿ ಮಾಡಿದಳು. ಆಮೇಲೆ ಅಂಗಿಯ ತೋಳು ಮಡಿಸಿ ಕೈಯನ್ನು ಅವರ ಮುಂದೆ ಚಾಚಿದಳು. "ಸಾರ್ ತನ್ನೆ ಮದಿ," ಎಂದಳು. ಸಾರೇ ಸಾಕು, ಬೇರೆಯವರು ಬೇಡ ಎಂದು. ಅವರು ಕನ್ನಡಕ ತೆಗೆದು ಒರೆಸಿದರು. ಒರೆಸಲು ಅದರಲ್ಲಿ ಏನೂ ಇರಲಿಲ್ಲ. ಆ ದಿನ ಮಗ್ಗಿಯನ್ನು ಎರಡು ಸಲ ಹೇಳಿದರು. ನಾಲ್ಕನೆಯ ಬೆರಳು ಮಡಿಸುವಾಗ ಕಣ್ಣು ತೆರೆದು ಅವಳನ್ನೇ ನೋಡುತ್ತ ನಿಧಾನವಾಗಿ ಹೇಳಿದರು. ಅನಘಾಳಿಗೆ ನಗು ಬಂತು. ಆ ಕೋಣೆಯಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಅಂದಿನಿಂದ ಅವಳು ಅವರ ಮಾತನ್ನು ಪಾಲಿಸಿದ ರೀತಿ ಕಂಡು ನಮಗೇ ಆಶ್ಚರ್ಯವಾಯಿತು. ಅವರು ನಡಿ ಎಂದರೆ ನಡೆದಳು, ಕೂರು ಎಂದರೆ ಕೂತಳು. ಗೆಳತಿಯರು ಬೀಚಿಗೆ ಕರೆದರೆ ಮರಳಿನ ಮೇಲೆ ನಡೆಯಲು ಸಾರನ್ನು ಕೇಳಬೇಕು ಎಂದಳು. ಅವಳ ಕೋಚು ತಡೆಯಲಾರದೆ ಒಮ್ಮೆ ನಾಲ್ಕು ಸಲ ಹಾರು, ಏನೂ ಆಗುವುದಿಲ್ಲ ಎಂದರಂತೆ. ಸಾರ್ ಹೇಳಿಲ್ಲ ಎಂದು ಚೆಂಡು ಕೆಳಗಿಟ್ಟು ಮನೆಗೆ ಬಂದಳಂತೆ. ನಮ್ಮ ಮಾತನ್ನು ಅವಳು ಅದರ ಕಾಲು ಭಾಗ ಕೇಳಿದ್ದರೂ ನಾನು ಧನ್ಯನಾಗುತ್ತಿದ್ದೆ ಎಂದು ಶೈಲಾಳಿಗೆ ಹೇಳಿದೆ. ಅವಳಪ್ಪ ಯಾರ ಮಾತು ಕೇಳಿದ್ದಾನೆ ಎಂಬ ಉತ್ತರ ಬಂತು.

ಕೊನೆಯ ಸಲ ಹೋದಾಗ ಅವರು ಸ್ಕ್ಯಾನ್ ಮಾಡಿ ನೋಡಿದರು. ಕುರ್ಚಿ ಮೇಜುಗಳನ್ನು ಸಿಸ್ಟರ್ ಕೈಲಿ ಗೋಡೆಗೆ ಸರಿಸಿಸಿ, ಬರಿಗಾಲಲ್ಲಿ ಹಾರು ಎಂದರು. ತಾವು ಅವಳಿಗೆ ಬೆನ್ನು ಹಾಕಿ ಕಿಟಕಿಯ ಕಡೆ ಮುಖ ಮಾಡಿ ನಿಂತರು. ನೋಡುವುದಿಲ್ಲವೇ ಎಂದು ಕೇಳಿದೆ. ಕಾಲು ಕಣ್ಣಿಗೆ ಮೋಸ ಮಾಡುತ್ತದೆ, ಇಳಿಯುವಾಗ ಎರಡು ಸದ್ದು ಬಂದರೆ ಹುಡುಗಿ ಒಂದು ಮಂಡಿಯನ್ನು ಇನ್ನೂ ಕಾಯುತ್ತಿದ್ದಾಳೆಂದು ಲೆಕ್ಕ ಎಂದರು. ಅನಘಾ ಹಾರಿದಳು. ಒಂದೇ ಸದ್ದು. ಮತ್ತೆ ಹಾರು ಎಂದರು. ಒಂದೇ ಸದ್ದು. ಶೈಲಾ ಬಾಯಿಗೆ ಸೆರಗು ಹಿಡಿದುಕೊಂಡಿದ್ದಳು. ಇನ್ನೂ ಎತ್ತರ ಎಂದರು. ಅನಘಾ ಮೇಲಿನ ಫ್ಯಾನಿಗೆ ಕೈ ತಾಗೀತೆಂದು ನಾನು ಹೆದರುವಷ್ಟು ಎತ್ತರ ಹಾರಿ ಇಳಿದಳು. ಡಾಕ್ಟರು ಕಿಟಕಿ ಬಿಟ್ಟು ಈ ಕಡೆ ತಿರುಗಿದರು. ಒಂದು ವರ್ಷದಿಂದ ಆ ಕೋಣೆಯೊಳಗೆ ಅವರ ಬಾಯಲ್ಲಿ ಕೇಳದಿದ್ದ ಕನ್ನಡದಲ್ಲಿ ಹೇಳಿದರು:

"ಆಯ್ತು ಮಗಾ. ಇನ್ನು ಇಲ್ಲಿಗೆ ಬರ್ಬೇಡ."

ಡಾಕ್ಟರೊಬ್ಬ ಹೇಳಬಹುದಾದ ಮಾತುಗಳಲ್ಲಿ ಅದಕ್ಕಿಂತ ಒಳ್ಳೆಯದು ಇಲ್ಲ. ಅವಳಿಗೆ ಅರ್ಥವಾಯಿತು. ಬಗ್ಗಿ ಕಾಲು ಮುಟ್ಟಹೋದವಳನ್ನು ಅವರು ತಡೆದು, ಮಂಡಿ ಹಾಗೆ ಮಡಿಸಬಾರದು ಎಂದು ಗದರಿಸಿದರು.

ಅವಳು ರಾಜ್ಯ ತಂಡಕ್ಕೆ ಆಡಿದಳು. ಆಟದ ಬಲದಿಂದಲೇ ಒಂದು ಸರ್ಕಾರಿ ಇಲಾಖೆಯಲ್ಲಿ ನೌಕರಿಯಾಯಿತು, ಅದೂ ಕೊಚ್ಚಿಯಲ್ಲಿ. ಎರಡು ವರ್ಷದಿಂದ ಅಲ್ಲೇ ಹಾಸ್ಟೆಲಿನಲ್ಲಿದ್ದಾಳೆ. ಡಾಕ್ಟರ ಮನೆ ಪಾಲಾರಿವಟ್ಟಂನಲ್ಲಿ. ಅವಳು ದಿನಾ ಅಭ್ಯಾಸಕ್ಕೆ ಹೋಗುವ ಬಸ್ಸು ಅವರ ಕಟ್ಟಡದ ಮುಂದೆಯೇ ಹಾದುಹೋಗುತ್ತದೆ. ನಾನು ಹಬ್ಬಕ್ಕೆ ಒಮ್ಮೆ ಫೋನ್ ಮಾಡುತ್ತಿದ್ದೆ. ಚೆನ್ನಾಗಿದ್ದೇನೆ ಎನ್ನುತ್ತಿದ್ದರು. ಹೃದಯ ಸೋತಿದೆ, ಕ್ಲಿನಿಕ್ ಮುಚ್ಚಿ ಮನೆ ಹಿಡಿದಿದ್ದೇನೆ ಎಂದು ಒಂದು ದಿನವೂ ಬಾಯಿಬಿಡಲಿಲ್ಲ. ಸುಳ್ಳು ಹೇಳುವುದರಲ್ಲಿ ಅಷ್ಟರಮಟ್ಟಿಗೆ ಪಳಗಿದ್ದರು.

ಸಿಸ್ಟರ್ ಫೋನ್ ಬಂದ ಮೂರನೆಯ ದಿನ ನಾವು ಪಾಲಾರಿವಟ್ಟಂಗೆ ಹೋದೆವು. ಅನಘಾ ಅಭ್ಯಾಸದಿಂದ ನೇರ ಬಂದಿದ್ದಳು, ತಂಡದ ಬಟ್ಟೆಯಲ್ಲೇ. ಡಾಕ್ಟರ ಹೆಂಡತಿ ಕೋರ್ಟಿನ ಕೆಲಸದಿಂದ ನಿವೃತ್ತರಾದವರು, ಮೆಲು ಮಾತಿನ ಹೆಂಗಸು. ಅನಘಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನೀನೇನಾ ಅವಳು ಎಂದು ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಮನೆಯ ಬಾಲ್ಕನಿಯಲ್ಲಿ ಕೂತು ಡಾಕ್ಟರು ರಸ್ತೆ ನೋಡುತ್ತಿದ್ದರಂತೆ. ಪತ್ರಿಕೆಯಲ್ಲಿ ಆಟದ ಪುಟವನ್ನು ಮೊದಲು ಓದಿಸುತ್ತಿದ್ದರಂತೆ. ಶೈಲಾ ತಡೆಯಲಾರದೆ ಕೇಳಿಯೇಬಿಟ್ಟಳು, ನಮ್ಮ ಹುಡುಗಿ ಇಷ್ಟು ಹತ್ತಿರ ಇದ್ದೂ ಬರಲಿಲ್ಲವೆಂದು ಅವರಿಗೆ ಬೇಜಾರಿತ್ತೇ ಎಂದು.

"ಇಲ್ಲಪ್ಪ. ಅವಳು ಬರ್ಲಿಲ್ಲ ಅಲ್ಲವಾ, ಹಾಗಾದ್ರೆ ಮಂಡಿ ಗಟ್ಟಿ ಉಂಟು ಅಂತ ಖುಷಿ ಪಡ್ತಿದ್ರು," ಎಂದರು ಅವರು.

ಅನಘಾ ತಲೆಯಾಡಿಸಿದಳು. ಅಲ್ಲಿ ಅಳಲಿಲ್ಲ. ಕೆಳಗಿಳಿದು ಬಂದು ಬಸ್ ಸ್ಟಾಪಿನಲ್ಲಿ ನಿಂತ ಮೇಲೆ, ಒಂದು ಬಸ್ಸು ಬಂತು, ಅವಳು ಹತ್ತಲಿಲ್ಲ. ಇನ್ನೊಂದು ಬಂತು, ಅದನ್ನೂ ಬಿಟ್ಟಳು. ಶೈಲಾ ಅವಳ ಬೆನ್ನ ಮೇಲೆ ಕೈಯಿಟ್ಟಳು. ಆಗ ಅವಳು, ಎಂದಿನಂತೆ ಮಲಯಾಳದಲ್ಲಿ, ರಸ್ತೆಯ ಕಡೆ ನೋಡುತ್ತಲೇ ಹೇಳಿದಳು:

"ಬರಬೇಡ ಅಂದದ್ದು ನನ್ನ ಮಂಡಿಗೆ, ಅಪ್ಪ. ನನಗಲ್ಲ. ನಾನು ಹೋಗಬಹುದಿತ್ತು."